ನಾಲ್ಕು ವ್ಯಾಟಿನ ಕೂಸು

ಸುಮ್ಮನೆ ಕೂತ ಮನುಷ್ಯನ ಮೈಯಿಂದ ಎಷ್ಟು ಕಾವು ಹೊರಬೀಳುತ್ತದೆ ಗೊತ್ತೇನು? ಹೆಚ್ಚುಕಡಿಮೆ ನೂರು ವ್ಯಾಟ್. ನಮ್ಮಜ್ಜನ ಕಾಲದ ಗುಂಡು ಬಲ್ಬಿನಷ್ಟು. ರೊಟ್ಟಿ ಬಡಿಯುವ ಹೆಂಗಸು ಇನ್ನೂರೈವತ್ತಕ್ಕೆ ಏರುತ್ತಾಳೆ. ಜಗಳಾಡುವ ಹೆಂಗಸಿನ ಅಳತೆಯನ್ನು ಈ ತನಕ ಯಾರೂ ತೆಗೆದಿಲ್ಲ. ತೆಗೆದಿದ್ದರೆ ನಮ್ಮ ಕಾಲನಿಗೆ ಬೇರೆ ಕಾವೇ ಬೇಕಾಗುತ್ತಿರಲಿಲ್ಲ ಎಂದು ನನ್ನ ಜೊತೆ ಕೆಲಸ ಮಾಡುವ ಇಮಾಮಸಾಬರು ನನ್ನ ಮುಖ ನೋಡಿಕೊಂಡೇ ಹೇಳುತ್ತಾರೆ. ಅನ್ನಲಿ ಬಿಡಿ. ಈ ಕಥೆಯಲ್ಲಿ ನಾನು ಬೈಸಿಕೊಳ್ಳಬೇಕಾದವಳೇ.

ನನ್ನ ಹೆಸರು ಮಹಾನಂದಾ ಬಡಿಗೇರ. ಧಾರವಾಡದ ಪಡುವಣ ದಿಬ್ಬದ ಮೇಲೆ ಬಿಸಲಗೇರಿ ಅಂತ ಒಂದು ಕಾಲನಿ, ನೂರಾ ಹನ್ನೆರಡು ಮನೆ. ಚಳಿಗಾಲದಲ್ಲಿ ಆ ಮನೆಗಳಿಗೆ ಕಾವು ಹಂಚುವುದು ನನ್ನ ಕೆಲಸ. ಧಾರವಾಡದಲ್ಲಿ ಕಾವು ಹಂಚುವಂಥ ಚಳಿ ಎಲ್ಲಿ ಬಂತು ಎಂದು ಹಳಬರು ಕೇಳಬಹುದು. ಆರು ವರ್ಷದ ಹಿಂದೆ ದೂರದ ಸಮುದ್ರದಲ್ಲಿ ಒಂದರ ಹಿಂದೊಂದು ಎರಡು ಜ್ವಾಲಾಮುಖಿ ಸಿಡಿದವು. ಅದರ ಬೂದಿ ಮೋಡಗಳನ್ನೂ ದಾಟಿ ಮೇಲೆ ಹೋಗಿ ಅಲ್ಲೇ ನಿಂತುಬಿಟ್ಟಿತು. ಅಂದಿನಿಂದ ಬಿಸಿಲು ಸೋಸಿದ ಹಾಲಿನ ಹಾಗೆ ತೆಳ್ಳಗೆ ಬೀಳುತ್ತದೆ. ಪುಷ್ಯ ಮಾಸ ಬಂತೆಂದರೆ ಬೆಳಗ್ಗೆ ಮೂರು ಡಿಗ್ರಿ. ಇರುವ ಕರೆಂಟು ಆಸ್ಪತ್ರೆಗೆ, ನೀರಿನ ಪಂಪಿಗೆ, ಗಿರಣಿಗೆ. ಮನೆ ಬೆಚ್ಚಗೆ ಮಾಡಿಕೊಳ್ಳಲು ಒಂದು ಯೂನಿಟ್ಟೂ ಇಲ್ಲ.

ಮೊದಲ ಚಳಿಗಾಲದಲ್ಲಿ ಜನ ಗೊತ್ತಿದ್ದುದನ್ನೇ ಮಾಡಿದರು. ಕಿಟಕಿಗೆ ಕೌದಿ ಬಡಿದು, ಬಾಗಿಲ ಸಂದಿಗೆ ಅರಿವೆ ತುರುಕಿ, ನಡುವೆ ಇದ್ದಿಲ ಶೇಗಡಿ ಇಟ್ಟುಕೊಂಡು ಮಲಗಿದರು. ಒಂದು ದಿನ ಬೆಳಗ್ಗೆ ನಮ್ಮ ಕಾಲನಿಯ ಎರಡು ಮನೆಯ ಬಾಗಿಲು ತೆರೆಯಲೇ ಇಲ್ಲ. ಇದ್ದಿಲ ವಿಷಗಾಳಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ನಿದ್ದೆಯಲ್ಲೇ ಕರೆದುಕೊಂಡು ಹೋಗುತ್ತದೆ. ಆ ಎರಡರಲ್ಲಿ ಒಂದು ನಮ್ಮವ್ವನ ಮನೆ. ಬಾಗಿಲು ಒಡೆದು ಒಳಗೆ ಹೋದಾಗ ಶೇಗಡಿ ಇನ್ನೂ ಬೆಚ್ಚಗಿತ್ತು, ಅವ್ವ ತಣ್ಣಗಿದ್ದಳು. ಇದನ್ನು ಹೇಳಿದ್ದು ಯಾಕೆಂದರೆ, ಕಾವು ಅಂದರೆ ನಾನು ಯಾಕೆ ಅಷ್ಟು ಜಿಪುಣಿ ಎಂಬುದು ನಿಮಗೆ ತಿಳಿಯಲಿ ಅಂತ.

ಮರುವರ್ಷ ಹಗೇವು ಬಂತು. ನಮ್ಮ ಕಡೆ ಜೋಳ ಕೆಡದಂತೆ ಇಡಲು ನೆಲದೊಳಗೆ ತೋಡುತ್ತಿದ್ದ ಕುಣಿಗೆ ಹಗೇವು ಅನ್ನುತ್ತಾರೆ. ಇದೂ ಅಂಥದ್ದೇ, ಜೋಳದ ಬದಲು ಉಪ್ಪು. ಊಟದ ಉಪ್ಪಲ್ಲ, ಬೇರೆ ಜಾತಿಯದು. ಸುಣ್ಣದ ಹರಳಿಗೆ ನೀರು ಹಾಕಿದರೆ ಕೊತಕೊತ ಕುದಿಯುತ್ತದಲ್ಲ, ಆ ತತ್ವ. ಬೇಸಿಗೆಯ ಬಿಸಿಲನ್ನು ಕನ್ನಡಿಗಳಿಂದ ಹಿಡಿದು ಉಪ್ಪನ್ನು ಹುರಿದು ಒಣಗಿಸುತ್ತೇವೆ. ಚಳಿಗಾಲದಲ್ಲಿ ಅದರ ಮೇಲೆ ತೇವದ ಗಾಳಿ ಬಿಟ್ಟರೆ ನುಂಗಿದ ಬಿಸಿಲನ್ನೆಲ್ಲ ಉಪ್ಪು ಹಿಂದಕ್ಕೆ ಕೊಡುತ್ತದೆ. ಆ ಕಾವು ಕೊಳವೆಯಲ್ಲಿ ಹರಿದು ಮನೆಮನೆಯ ನೆಲದಡಿ, ಬಚ್ಚಲಿನ ಹಂಡೆಗೆ ಹೋಗುತ್ತದೆ. ಒಂದೇ ಹಗೇವು, ನೂರಾ ಹನ್ನೆರಡು ಮನೆ, ಸಂಕ್ರಾಂತಿ ದಾಟುವ ತನಕ ಸಾಲಬೇಕು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ದಿನಕ್ಕೆ ಹತ್ತು ಸಲ ಹೇಳುವವಳು ಒಬ್ಬಳು ಬೇಕು. ಅವಳೇ ನಾನು.

ಯಾವ ಮನೆಯಲ್ಲಿ ಎಷ್ಟು ಮಂದಿ ಇದ್ದಾರೆ ಎಂದು ಯಂತ್ರಕ್ಕೆ ತಿಳಿಯಲು ಗೋಡೆಗಳಲ್ಲಿ ಕಡಲೆಕಾಳಿನಷ್ಟು ದೊಡ್ಡ ಕಾವುಗಣ್ಣುಗಳಿವೆ. ಅವಕ್ಕೆ ಮುಖ ಕಾಣುವುದಿಲ್ಲ, ಮಾತು ಕೇಳುವುದಿಲ್ಲ. ಮೈಯ ಕಾವು ಮಾತ್ರ ಕಾಣುತ್ತದೆ. ನೂರು ವ್ಯಾಟಿನದೊಂದು ಉಂಡೆ ಕಂಡರೆ ಒಬ್ಬ ಮನುಷ್ಯ, ಅವನಿಗೊಂದು ಪಾಲು. ಮೊದಲ ವರ್ಷ ಈ ಕಣ್ಣುಗಳು ಬೆಕ್ಕುಗಳನ್ನೂ ಎಣಿಸಿದವು. ಒಬ್ಬ ಮಹಾರಾಯ ಆರು ಬೆಕ್ಕು ಸಾಕಿ ಮನೆಯಲ್ಲಿ ಬನಿಯನ್ನಿನ ಮೇಲೆ ಓಡಾಡುತ್ತಿದ್ದ! ನನಗೆ ರೇಗಿಹೋಯಿತು. ಹದಿನೈದು ವ್ಯಾಟಿಗಿಂತ ಕಡಿಮೆ ಇರುವುದನ್ನು ಲೆಕ್ಕಕ್ಕೆ ಹಿಡಿಯಬೇಡ, ಪರದೆಯ ಮೇಲೆ ತೋರಿಸಲೂ ಬೇಡ ಎಂದು ಯಂತ್ರಕ್ಕೆ ನಾನೇ ಬರೆದು ಹಾಕಿದೆ. ಹಸುಗೂಸುಗಳ ಗತಿ? ಅದಕ್ಕೊಂದು ಫಾರ್ಮು ಇತ್ತು. ಹುಟ್ಟಿದೊಡನೆ ಮನೆಯವರು ಬಂದು ಬರೆಸಿದರೆ ಕೂಸಿನ ಪಾಲು ಸೇರುತ್ತಿತ್ತು. ಚೊಕ್ಕ ವ್ಯವಸ್ಥೆ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡಿದ್ದೆ.

ಆ ಸೋಮವಾರ ಬೆಳಗ್ಗೆ ಎಂದಿನಂತೆ ಹಳೇ ಸೀರೆಯ ತುಂಡಿನಿಂದ ಕಂಟ್ರೋಲ್ ರೂಮಿನ ಗೋಡೆಯಗಲದ ಪರದೆಯನ್ನು ಒರೆಸುತ್ತಿದ್ದೆ. ಒಂದು ಕಲೆ ಉಳಿಯಬಾರದು ನನಗೆ. ಪರದೆಯ ಮೇಲೆ ಮನೆಗೊಂದು ಚೌಕ, ಚೌಕದೊಳಗೆ ಮಂದಿಯ ಚುಕ್ಕೆಗಳು. ಹಗೇವಿನಲ್ಲಿ ಉಳಿದದ್ದು ನೂರಕ್ಕೆ ಇಪ್ಪತ್ತಾರು ಪಾಲು. ಸಂಕ್ರಾಂತಿಗೆ ಇನ್ನೂ ಹತ್ತೊಂಬತ್ತು ದಿನ.

"ನಲವತ್ತೇಳು ಮತ್ತ ಕೆಂಪಾಗೈತ್ರಿ ಅಕ್ಕಾರ," ಎಂದರು ಇಮಾಮಸಾಬರು. ಹಗೇವಿನ ಕೊಳವೆ, ಕವಾಟ ಎಲ್ಲ ಅವರ ಕೈಯಲ್ಲೇ ಪಳಗಿದ್ದು. ನನಗಿಂತ ಹತ್ತು ವರ್ಷ ಹಿರಿಯರು, ಆದರೂ ನನಗೆ ಅಕ್ಕಾರ ಅನ್ನುತ್ತಾರೆ.

ನಲವತ್ತೇಳನೇ ಮನೆ ತಂಗೆವ್ವ ಹಡಪದಳದು. ಸಾಲಿಯಲ್ಲಿ ಮಕ್ಕಳಿಗೆ ಅಡುಗೆ ಮಾಡಿ ರಿಟಾಯರ್ ಆದವಳು, ಗಟ್ಟಿ ಹೆಂಗಸು, ನಾನು ಚಿಗವ್ವಾ ಎಂದೇ ಕರೆಯುವುದು. ಚೌಕದಲ್ಲಿ ಎರಡು ಚುಕ್ಕೆ ಕಾಣುತ್ತಿದ್ದವು. ಮಗಳು ರೋಹಿಣಿ ಗದಗಿನ ಗಂಡನ ಮನೆಯಿಂದ ಬಂದಿದ್ದಾಳೆ, ಮೈಯಲ್ಲಿ ನೆಟ್ಟಗಿಲ್ಲ ಎಂದು ಯಾರೋ ಹೇಳಿದ್ದರು. ಇಬ್ಬರ ಪಾಲು ಹೋಗುತ್ತಿತ್ತು. ಆದರೆ ಮೂರು ದಿನದಿಂದ ಆ ಮನೆ ಒಳಗಿನ ನಲ್ಲಿ ಪೂರ್ತಿ ತಿರುಗಿಸಿಕೊಂಡು ನಾಲ್ಕು ಮಂದಿಯ ಕಾವು ಎಳೆಯುತ್ತಿತ್ತು. ಒಳಖೋಲಿ ಇಪ್ಪತ್ತೆಂಟು ಡಿಗ್ರಿ! ಉಳಿದವರೆಲ್ಲ ಹದಿನೆಂಟರಲ್ಲಿ ಹಲ್ಲು ಕಡಿದುಕೊಂಡು ಇರುವಾಗ!

"ಇಪ್ಪತ್ತೆಂಟಂತ! ಏನ್ ಸಾಬ್ರ, ಒಳಗ ಮಾವಿನಕಾಯಿ ಹಣ್ಣಿಗೆ ಹಾಕ್ಯಾರೇನು?" ಎಂದೆ.

"ನೋಟೀಸು ಕಳಿಸಿದ್ರೇನು?"

"ಮೂರು ಕಳಿಸೀನಿ. ಗ್ವಾಡಿ ಮ್ಯಾಲೆ ದೊಡ್ಡ ಅಕ್ಷರದಾಗ ಬರತೈತಿ. ಓದೂದಿಲ್ಲ ಅಂದ್ರ ಯಾರ ತಪ್ಪು?"

"ನಾ ಒಂದ್ ಗಳಿಗಿ ಹೋಗಿ ಕೇಳಿ ಬರಲೇನು? ಇನ್ನೂರ ಹೆಜ್ಜಿ ಐತಿ."

"ನೀವು ಬಾಗಲಾ ಬಡೀತೀರಿ, ಅವರು ತಗೀತಾರ. ಒಂದ್ಸಲ ತಗದ್ರ ಖೋಲಿಯೊಳಗಿನ ಅರ್ಧ ಕಾವು ಬಯಲಾಗ ಹೋಗತೈತಿ. ಬ್ಯಾಡ ಬಿಡ್ರಿ."

ಈ ಮಾತನ್ನು ನಾನು ಹೊಸದಾಗಿ ಹೇಳಿದ್ದಲ್ಲ. 'ಕಾರಣವಿಲ್ಲದೆ ಬಾಗಿಲು ತೆರೆಯಬೇಡಿ' ಎಂದು ಕಾಲನಿಯ ತುಂಬ ನಾನೇ ಬರೆಸಿ ಹಚ್ಚಿದ್ದೆ. ಜನ ಪಾಲಿಸಿದರು ಕೂಡ. ನಾಲ್ಕು ಚಳಿಗಾಲದಲ್ಲಿ ಒಬ್ಬರ ಮನೆಗೆ ಒಬ್ಬರು ಸಕ್ಕರೆ ಕೇಳಿಕೊಂಡು ಹೋಗುವುದು ನಿಂತಿತು. ಯಾರ ಮನೆಯಲ್ಲಿ ಏನು ಬೇಯುತ್ತಿದೆ ಎಂದು ಓಣಿಗೆಲ್ಲ ಗೊತ್ತಿರುತ್ತಿದ್ದ ಊರು ಇದು. ಈಗ ನನಗೆ ಅವರ ಮೈಯ ವ್ಯಾಟು ಗೊತ್ತಿತ್ತು, ಮನೆಯ ಸುದ್ದಿ ಗೊತ್ತಿರಲಿಲ್ಲ.

ಸಂಜೆ ಮನೆಗೆ ಹೋದರೆ ನಮ್ಮವರು, ವಿರೂಪಾಕ್ಷಪ್ಪ, ಕೌದಿಯೊಳಗಿನಿಂದ ಮೂಗು ಮಾತ್ರ ಹೊರಗೆ ಹಾಕಿಕೊಂಡು ಕೂತಿದ್ದರು. ಊರಿಗೆ ಹದಿನೆಂಟು ಡಿಗ್ರಿಯಾದರೆ ನಮ್ಮ ಮನೆಗೆ ಹದಿನಾರು. ಹೇಳುವವಳ ಮನೆಯಲ್ಲೇ ಮೊದಲು ಆಗಬೇಕಲ್ಲ! ಜಳಕಕ್ಕೆ ತಲೆಗೆ ಅರ್ಧ ಬಕೀಟು, ಅದೂ ಒಬ್ಬರ ಬೆನ್ನಿಗೆ ಒಬ್ಬರು, ಕೊಳವೆ ಆರುವ ಮೊದಲೇ. ಬಚ್ಚಲಿನಿಂದ ಹೊರಬೀಳುವ ಬೆಚ್ಚಗಿನ ನೀರೂ ಪುಕ್ಕಟೆ ಹೋಗುವುದಿಲ್ಲ, ಅಡುಗೆಮನೆಯ ನೆಲದಡಿ ಒಂದು ಸುತ್ತು ಹಾಕಿಯೇ ಮೋರಿಗೆ.

"ಅರ್ಧ ಬಕೀಟಿನಾಗ ಒಂದ್ ಬಗಲು ತೋಯಿಸಿದ್ರ ಇನ್ನೊಂದು ಬಗಲು ನಾಳಿಗೆ," ಎಂದು ಗೊಣಗಿದರು. "ಏನ್ ಮಾನಂದಾ, ಇಷ್ಟು ಉಳಿಸಿ ಯಾರಿಗೆ ಕೊಡಾಕಿ ನೀ?"

"ಹನಿ ಹನಿ ಕೂಡಿದರ ಹಳ್ಳ ರೀ."

"ಹಳ್ಳ ಆತು ಖರೆ. ಕುಡಿಯವರು ಯಾರು ಅಂತ ಕೇಳಿದೆ."

ತಾಟು ಮುಂದಿಟ್ಟು, ಸಾರು ಬಡಿಸಿದೆ.

ಮರುದಿನ ಬೆಳಗ್ಗೆಯೂ ನಲವತ್ತೇಳು ಕೆಂಪಾಗಿಯೇ ಇತ್ತು. ನಿಯಮದ ಪ್ರಕಾರ ಅಂಥ ಮನೆಯ ಕವಾಟ ಬಿಗಿಯಬಹುದು, ಆದರೆ ಬಿಗಿಯುವ ಹಕ್ಕು ಯಂತ್ರಕ್ಕಿಲ್ಲ. ಮನುಷ್ಯರ ಬೆರಳೇ ಒತ್ತಬೇಕು. ಒತ್ತುವ ಮುಂಚೆ ಒಬ್ಬರು ಒಂದು ಕ್ಷಣ ವಿಚಾರ ಮಾಡಲಿ ಎಂದು ಹಾಗೆ ಇಟ್ಟದ್ದು. ನಾನು ಒಂಬತ್ತೂಕಾಲಿಗೆ ಒತ್ತಿದೆ. ವಿಚಾರ ಮಾಡಲಿಲ್ಲ. ಸಿಟ್ಟಿನಲ್ಲಿ ಒತ್ತಿದೆ ಎಂಬುದನ್ನೂ ಹೇಳಿಬಿಡುತ್ತೇನೆ. ಇಮಾಮಸಾಬರು ಚಹಾದ ಬಟ್ಟಲು ತೊಳೆಯಲು ಎದ್ದುಹೋದರು.

ಹನ್ನೊಂದರ ಹೊತ್ತಿಗೆ ಆ ಒಳಖೋಲಿ ಇಪ್ಪತ್ತಕ್ಕೆ ಇಳಿಯಿತು. ಹನ್ನೆರಡಕ್ಕೆ ಹದಿನೇಳು. ಹಾಂ, ಈಗ ದಾರಿಗೆ ಬಂತು ಅಂದುಕೊಂಡೆ. ಹನ್ನೆರಡೂವರೆಗೆ ಊಟದ ಡಬ್ಬಿ ಬಿಚ್ಚುತ್ತಿದ್ದೆ. ಪರದೆಯ ಮೇಲೆ, ನಲವತ್ತೇಳರ ಒಳಖೋಲಿಯಲ್ಲಿ ಒಂದು ಹೊಸ ಚುಕ್ಕೆ ಹೊತ್ತಿಕೊಂಡಿತು. ಮನುಷ್ಯರ ಚುಕ್ಕೆ ಹಳದಿ. ಇದು ಕಡುಕೆಂಪು. ಪಕ್ಕದಲ್ಲಿ ಅಂಕಿ: ಐನೂರ ಎಂಬತ್ತು ಡಿಗ್ರಿ.

ಐನೂರ ಎಂಬತ್ತು ಡಿಗ್ರಿ ಅಂದರೆ ಬೇರೆ ಏನೂ ಅಲ್ಲ, ಕೆಂಡ. ಶೇಗಡಿ. ಅವ್ವನ ಮನೆಯ ಬಾಗಿಲು ಕಣ್ಣ ಮುಂದೆ ಬಂತು.

"ಸಾಬ್ರ! ನಲವತ್ತೇಳು ಪೂರಾ ತಗೀರಿ! ಅಂಬುಲೆನ್ಸಿಗೆ ಹೇಳ್ರಿ!" ಎಂದು ಕೂಗಿ ಓಡಿದೆ. ಇನ್ನೂರು ಹೆಜ್ಜೆ. ನಿನ್ನೆ ಹೋಗದ ಇನ್ನೂರು ಹೆಜ್ಜೆ ಅದು. ಐವತ್ತೆರಡರ ವಯಸ್ಸಿನಲ್ಲಿ ಚಪ್ಪಲಿ ಕಳಚಿ ಬಿದ್ದದ್ದೂ ಗೊತ್ತಾಗಲಿಲ್ಲ.

ಬಾಗಿಲು ಬಡಿದೆ. ತಂಗೆವ್ವ ನಾಲ್ಕು ಬೆರಳಿನಷ್ಟು ತೆರೆದು ಅಡ್ಡ ನಿಂತಳು.

"ಏನ ಬೇಕಾಗಿತ್ತು?"

"ಚಿಗವ್ವಾ, ಶೇಗಡಿ ಹೊರಗ ತಗಿ! ಮೊದಲ ಅದನ್ನ ತಗಿ!"

"ನೀ ಒಳಗ ಬರಬ್ಯಾಡ. ಕಾವು ಬಂದ್ ಮಾಡಾಕಿನೂ ನೀನ, ಬೆಂಕಿ ತಗಿ ಅನ್ನಾಕಿನೂ ನೀನ? ಬಾಣಂತಿ ಖೋಲಿಗೆ ಹೊರಗಿನ ಮಂದಿ ಕಾಲಿಡಬಾರ್ದು."

ಬಾಣಂತಿ! ಆ ಶಬ್ದ ಕಿವಿಗೆ ಬಿದ್ದದ್ದೇ ನಾನು ಅವಳನ್ನು ತಳ್ಳಿಕೊಂಡು ಒಳಗೆ ಹೋದೆ. ಹಿರಿಯಳು ಅನ್ನುವುದನ್ನೂ ನೋಡಲಿಲ್ಲ.

ಒಳಖೋಲಿಯ ಕಿಟಕಿಗೆ ಎರಡು ಪದರ ಕೌದಿ. ಮಂಚದ ಕೆಳಗೆ ಶೇಗಡಿ, ಮೇಲೆ ಅಜಿವಾನದ ವಾಸನೆ. ಹನ್ನೊಂದಕ್ಕೇ ಹೊತ್ತಿಸಿ ಬೂದಿ ಮುಚ್ಚಿಟ್ಟಿದ್ದಳಂತೆ, ಬೂದಿ ಕೆದಕಿದಾಗಷ್ಟೇ ಅದು ಗೋಡೆಯ ಕಣ್ಣಿಗೆ ಬಿದ್ದದ್ದು. ಕಿವಿಗೆ ಅರಿವೆ ಕಟ್ಟಿಕೊಂಡು ರೋಹಿಣಿ ಮಲಗಿದ್ದಳು. "ಏಳವ್ವಾ," ಅಂದರೆ "ತಲಿ... ತಲಿ ಸಿಡೀತೈತಿ," ಎಂದು ಕಣ್ಣು ತೆರೆಯದೆ ಅಂದಳು. ಅವಳ ಮಗ್ಗುಲಲ್ಲಿ ಹಳೆ ಧೋತರದಲ್ಲಿ ಸುತ್ತಿದ ಒಂದು ಗಂಟು. ಗಂಟಿನ ಬಾಯಲ್ಲಿ ಲಿಂಬೆಹಣ್ಣಿಗಿಂತ ಸ್ವಲ್ಪ ದೊಡ್ಡ ಮುಖ.

ಕೌದಿ ಹರಿದು ಕಿಟಕಿ ತೆರೆದೆ. ಸೆರಗಿನಲ್ಲಿ ಹಿಡಿದು ಶೇಗಡಿಯನ್ನು ಅಂಗಳಕ್ಕೆ ಎಸೆದೆ. ಕೈ ಸುಟ್ಟದ್ದು ಆಮೇಲೆ ತಿಳಿಯಿತು. ತಂಗೆವ್ವನೂ ನಾನೂ ಸೇರಿ ರೋಹಿಣಿಯನ್ನು ಪಡಸಾಲೆಯ ಗಾಳಿಗೆ ಎಳೆದು ತಂದೆವು. ಗಾಳಿ ಅಂದರೆ ಹನ್ನೊಂದು ಡಿಗ್ರಿಯ ಗಾಳಿ. ಹೊಗೆಯಿಂದ ಉಳಿಸಲು ಕಿಟಕಿ ತೆರೆಯಬೇಕು, ಕಿಟಕಿ ತೆರೆದರೆ ಚಳಿಗೆ ಕೊಡಬೇಕು. ಕೂಸಿನ ಪಾದ ಮುಟ್ಟಿ ನೋಡಿದೆ. ನಮ್ಮವ್ವನ ಪಾದದ ಹಾಗಿತ್ತು.

ಫೋನಿನಲ್ಲಿ ಇಮಾಮಸಾಬರು ಕೂಗುತ್ತಿದ್ದರು. "ಅಕ್ಕಾರ, ಕವಾಟ ಪೂರಾ ತಗದೀನಿ! ಆದ್ರ ನೆಲ ಕಾಯಾಕ ಇಪ್ಪತ್ತು ಮಿನಿಟು ಬೇಕು. ಅಂಬುಲೆನ್ಸಿಗೂ ಅಷ್ಟ ಹೊತ್ತು!"

"ಸಾಬ್ರ, ಇಲ್ಲಿ ಕೂಸೈತಿ! ಹಸಗೂಸು!"

"ಕೂಸು? ನನಗ ಮೂರ ಚುಕ್ಕಿ ಕಾಣತಾವು. ನೀವು, ತಂಗೆವ್ವ, ರೋಹಿಣಿ. ಕೂಸು ಎಲ್ಲೈತ್ರೀ?"

ಎಲ್ಲಿರುತ್ತದೆ? ಹದಿನೈದರೊಳಗೆ ಇರುತ್ತದೆ. ನಾನೇ ಬರೆದ ಗೆರೆಯ ಕೆಳಗೆ.

ಇಪ್ಪತ್ತು ನಿಮಿಷ. ಕರೆಂಟಿಲ್ಲ, ಬೆಂಕಿ ಹಚ್ಚುವಂತಿಲ್ಲ, ಹಂಡೆಯ ನೀರು ತಣ್ಣಗೆ ಮಾಡಿಟ್ಟವಳು ನಾನೇ. ಆ ಮನೆಯಲ್ಲಿ ಉಳಿದಿದ್ದ ಕಾವು ಯಾವುದು ಎಂದು ಲೆಕ್ಕ ಹಾಕಲು ಎಂಜಿನಿಯರ್ ಬೇಕಿರಲಿಲ್ಲ. ರೋಹಿಣಿಗೆ ಎಚ್ಚರವೇ ಸರಿಯಾಗಿಲ್ಲ. ತಂಗೆವ್ವನ ಕೈ ಮುಟ್ಟಿದರೆ ಅದೂ ತಣ್ಣಗೆ. ನಾನು ಇನ್ನೂರು ಹೆಜ್ಜೆ ಓಡಿ ಬಂದವಳು, ಮೈ ಬೆವರಿತ್ತು. ಬೆವರು ಒರೆಸಿಕೊಂಡು, ಕುಪ್ಪಸದ ಗುಂಡಿ ಬಿಚ್ಚಿ, ಕೂಸಿನ ಸುತ್ತಿನ ಅರಿವೆಯನ್ನೆಲ್ಲ ತೆಗೆದು ಬರಿಮೈಯಲ್ಲಿ ನನ್ನ ಬರಿ ಎದೆಗೆ ಹಾಕಿಕೊಂಡೆ. ಮೇಲೆ ಸೆರಗು, ಅದರ ಮೇಲೆ ಕೌದಿ, ಕೂಸಿನ ನೆತ್ತಿಯ ಮೇಲೆ ನನ್ನ ಅಂಗೈ.

"ಅರಿವಿ ಯಾಕ ತಗದಿ? ಸಾಯತೈತಿ ಅದು!" ಎಂದು ತಂಗೆವ್ವ ಚೀರಿದಳು.

"ಅರಿವಿ ತಾನಾಗಿ ಕಾಯೂದಿಲ್ಲ ಚಿಗವ್ವಾ. ಇದ್ದ ಕಾವು ಹಿಡದಿಡತೈತಿ, ಅಷ್ಟ. ಕೂಸಿನ ಮೈಯಾಗ ಹಿಡದಿಡಾಕ ಏನೂ ಉಳದಿಲ್ಲ. ನನ್ನ ಮೈಯಾಗ ಐತಿ. ನೀ ಹಿಂದ ಬಂದು ನನ್ನ ತೆಕ್ಕಿ ಬಡಕೊಂಡು ಕುಂದ್ರು. ಬಾ!"

ಬಂದಳು. ನೆಲದ ಮೇಲೆ ನಾನು, ನನ್ನ ಬೆನ್ನಿಗೆ ತಂಗೆವ್ವ, ನನ್ನ ತೊಡೆಗೆ ಒರಗಿ ರೋಹಿಣಿ. ಕೂಸು ಅಲ್ಲಾಡಲಿಲ್ಲ. ಅಳಲೂ ಇಲ್ಲ. ಎಷ್ಟು ಹಗುರ ಇತ್ತೆಂದರೆ ಉಸಿರೆಳೆದರೆ ಎಲ್ಲಿ ಜಾರೀತೋ ಎಂದು ನಾನೇ ಉಸಿರು ಬಿಗಿಹಿಡಿದೆ. ಅಂಜಿಕೆ ಅಂದರೆ ಏನು ಅಂತ ಆವತ್ತು ನನಗೆ ಗೊತ್ತಾಯಿತು.

ಬೆನ್ನ ಹಿಂದಿನಿಂದ ತಂಗೆವ್ವ ಮೆಲ್ಲಗೆ ಮಾತಾಡಿದಳು. ಎಂಟೂವರೆ ತಿಂಗಳೂ ತುಂಬಿರಲಿಲ್ಲವಂತೆ. ಹುಬ್ಬಳ್ಳಿಯಲ್ಲಿ ಹೆರಿಗೆ, ತೂಕ ಎರಡು ಕೇಜಿಗೆ ಕಡಿಮೆ. ಎಂಟನೇ ದಿನಕ್ಕೆ ಕಳಿಸುವಾಗ ಖೋಲಿ ಇಪ್ಪತ್ತೆಂಟು ಡಿಗ್ರಿ ಇಡಿ ಎಂದಿದ್ದರಂತೆ.

"ಬರಸಬೇಕಿಲ್ಲೇನು ಚಿಗವ್ವಾ? ಒಂದ್ ಮಾತು ಹೇಳಿದ್ರ ಕೂಸಿನ ಪಾಲು ಬರತಿತ್ತು."

ಅವಳು ಕೌದಿಯನ್ನು ನನ್ನ ಹೆಗಲ ಮೇಲೆ ಎಳೆದಳು. "ಎರಡ ವರ್ಷದ ಹಿಂದ ಇಕಿ ಮೊದಲನೇ ಕೂಸು ಹುಟ್ಟಿದಾಗ ಎರಡನೇ ದಿನಾನ ಬಂದು ಬರಸಿದ್ದೆ. ಓಣಿಗೆಲ್ಲಾ ಸಕ್ಕರಿ ಹಂಚಿದ್ದೆ. ಒಂಬತ್ತನೇ ದಿನಕ್ಕ ಹೋತು. ಕೂಸು ಮಣ್ಣಿಗೆ ಹೋದರೂ ನಿನ್ನ ಯಂತ್ರ ದಿನಾ ಅದರ ಪಾಲಿನ ಕಾವು ಕಳಸತಿತ್ತು. ಖಾಲಿ ತೊಟ್ಟಿಲದ ಖೋಲಿ ಬೆಚ್ಚಗ ಇರತಿತ್ತು. ಒಂದ್ ತಿಂಗಳ ಆದಮ್ಯಾಲೆ ನೀ ನನ್ನ ಕರದು, ಹೆಸರು ಹೊಡದು ಹಾಕಬೇಕು, ಸಹಿ ಮಾಡು ಅಂದಿ. ನೆನಪೈತೇನು?"

ನೆನಪಿತ್ತು. ಸಹಿ ಎಲ್ಲಿ ಮಾಡಬೇಕು ಎಂದು ಬೆರಳಿಟ್ಟು ತೋರಿಸಿದ್ದೆ. ಅವಳ ಮುಖ ನೋಡಿದ ನೆನಪು ಮಾತ್ರ ಬರಲಿಲ್ಲ.

"ತೊಟ್ಟಲದಾಗ ಹಾಕೂತನಕ ಕೂಸನ್ನ ಎಣಿಸಬಾರದು ಅಂತ ನಮ್ಮವ್ವ ಹೇಳತಿದ್ಲು. ಆವಾಗ ಕೇಳಲಿಲ್ಲ. ಈ ಸರ್ತಿ ಬರಸಿದ್ರ ಮತ್ತ ಅಳಸೂದು ಬರತೈತಿ ಅಂತ ಅಂಜಿದೆ ನೋಡು. ಅದಕ್ಕ ಬಾಯಿ ಮುಚ್ಚಿಕೊಂಡಿದ್ದೆ."

ಇವಳು ಎಣಿಸಲಿಲ್ಲ, ಎಣಿಸಿದರೆ ಕಳೆದುಹೋದೀತು ಎಂದು. ನನ್ನ ಯಂತ್ರ ಎಣಿಸಲಿಲ್ಲ, ಎಣಿಸುವಷ್ಟು ದೊಡ್ಡದಲ್ಲ ಎಂದು. ಇಬ್ಬರ ನಡುವೆ ಒಂದು ಜೀವ ಲೆಕ್ಕಕ್ಕೇ ಇಲ್ಲದೆ ನನ್ನ ಎದೆಯ ಮೇಲೆ ಬಿದ್ದಿತ್ತು. "ತಪ್ಪಾತು ಚಿಗವ್ವಾ," ಎಂದೆ. ಅದಕ್ಕಿಂತ ದೊಡ್ಡ ಮಾತು ಗೊತ್ತಿದ್ದರೆ ಅದನ್ನೇ ಹೇಳುತ್ತಿದ್ದೆ.

ಹದಿಮೂರೋ ಹದಿನಾಲ್ಕೋ ನಿಮಿಷ ಆಗಿರಬೇಕು. ಎದೆಯ ಮೇಲೆ ಏನೋ ಅಲ್ಲಾಡಿತು. ಕೂಸು ತಲೆಯನ್ನು ಆಚೆ ಈಚೆ ಹೊರಳಿಸಿ, ಬಾಯಿ ತೆರೆದು, ನನ್ನ ಎದೆಯಲ್ಲಿ ಹಾಲು ಹುಡುಕತೊಡಗಿತು. ಐವತ್ತೆರಡರ ಮುದುಕಿಯ ಹತ್ತಿರ ಹಾಲೆಲ್ಲಿಂದ ಬರಬೇಕು! ಸಿಗದೇ ಇದ್ದದ್ದಕ್ಕೆ ಸಿಟ್ಟಿನಿಂದ ಅತ್ತಿತು. ಬೆಕ್ಕಿನ ಮರಿಯ ದನಿ, ಆದರೆ ಎಂಥ ಸಿಟ್ಟು! ನಾನು ನಗುತ್ತಲೇ ಅಳುತ್ತಿದ್ದೆ. ತಂಗೆವ್ವನ ಕಣ್ಣೀರು ನನ್ನ ಹೆಗಲ ಮೇಲೆ ಬಿಸಿಯಾಗಿ ಇಳಿಯುತ್ತಿತ್ತು. ಅಷ್ಟರಲ್ಲಿ ನೆಲ ಬೆಚ್ಚಗಾಗತೊಡಗಿತು, ಹೊರಗೆ ಅಂಬುಲೆನ್ಸಿನ ಸದ್ದು ಕೇಳಿತು.

ತಾಯಿ ಮಗು ಇಬ್ಬರೂ ಆರು ದಿನ ಆಸ್ಪತ್ರೆಯಲ್ಲಿದ್ದು ಕ್ಷೇಮವಾಗಿ ಮನೆಗೆ ಬಂದರು. ಹೊಗೆ ಕೂಸಿನ ಪುಪ್ಪುಸಕ್ಕೆ ಹೆಚ್ಚು ಹೋಗಿರಲಿಲ್ಲ, ಇನ್ನು ಕಾಲು ತಾಸು ತಡವಾಗಿದ್ದರೆ ನಾವು ಜವಾಬ್ದಾರರಲ್ಲ ಎಂದರಂತೆ ಡಾಕ್ಟರು. ಆ ಕಾಲು ತಾಸಿನ ಮಾತನ್ನು ನಾನು ಈಗಲೂ ಒಬ್ಬಳೇ ಇದ್ದಾಗ ನೆನೆಸಿಕೊಳ್ಳುತ್ತೇನೆ.

ಅಂದು ಕೈಗೆ ಪಟ್ಟಿ ಕಟ್ಟಿಸಿಕೊಂಡು ಕಂಟ್ರೋಲ್ ರೂಮಿಗೆ ವಾಪಸು ಬಂದಾಗ ಇಮಾಮಸಾಬರು ಪರದೆಯ ಮುಂದೆಯೇ ಕೂತಿದ್ದರು.

"ನಾ ಎಲ್ಲಾ ಇಲ್ಲಿಂದ ನೋಡತಿದ್ದೆ ಅಕ್ಕಾರ," ಎಂದರು. "ನಿಮ್ಮ ಚುಕ್ಕಿ ತಂಗೆವ್ವನ ಚುಕ್ಕಿ ಕೂಡಿ ಒಂದ ಆಗಿತ್ತು, ರೋಹಿಣಿದು ಬಾಜೂಕ ಬ್ಯಾರೆ. ಅಂಕಿ ಬರತಿತ್ತು, ಇನ್ನೂರಾ ನಾಕು. ಯಂತ್ರ ಎರಡ ಮಂದಿ ಅಂತ ಬರಕೊಂತಿತ್ತು. ಆ ಮ್ಯಾಲಿನ ನಾಕು ಏನು ಅಂತ ನನಗ ಆವಾಗ ತಿಳೀತು ನೋಡ್ರಿ."

ನಾಲ್ಕು ವ್ಯಾಟ್. ಎರಡು ಕೇಜಿಯೊಳಗಿನ ಒಂದು ಜೀವ ತನ್ನ ಶಕ್ತಿಯೆಲ್ಲ ಹಾಕಿ ಸುಡುವುದು ಅಷ್ಟೇ. ನಾನು ಕೂತು ಹದಿನೈದರ ಗೆರೆಯನ್ನು ಅಳಿಸಿದೆ.

"ಬೆಕ್ಕು ಬರತಾವ್ರಿ ಮತ್ತ," ಎಂದರು ಇಮಾಮಸಾಬರು.

"ಬರಲಿ. ಬೆಕ್ಕಿಗೂ ಚಳಿ ಇರತೈತಿ. ಬೆಕ್ಕೋ ಕೂಸೋ ಅನ್ನೂದನ್ನ ನಾ ಹೋಗಿ ನೋಡತೀನಿ."

ನಲವತ್ತೇಳರ ಒಳಖೋಲಿಗೆ ಇಪ್ಪತ್ತೆಂಟು ಡಿಗ್ರಿ ಬರೆದೆ. ಅಷ್ಟು ಕಾವು ಆಕಾಶದಿಂದ ಬೀಳುವುದಿಲ್ಲ, ಯಾರದಾದರೂ ಪಾಲಿನಿಂದ ಬರಬೇಕು. ನಮ್ಮ ಮನೆಯನ್ನು ಹದಿನಾರರಿಂದ ಹದಿನಾಲ್ಕಕ್ಕೆ ಇಳಿಸಿದೆ. ಸಂಜೆ ಹೆದರುತ್ತಲೇ ನಮ್ಮವರಿಗೆ ಹೇಳಿದರೆ ಅವರು ಕೌದಿಯೊಳಗಿನಿಂದ ಕೈ ಹೊರಗೆ ಚಾಚಿ ನನ್ನ ಪಟ್ಟಿ ಕಟ್ಟಿದ ಕೈ ಹಿಡಿದುಕೊಂಡರು.

"ಕುಡಿಯವರು ಸಿಕ್ಕರಲ್ಲ ಬಿಡು. ನಾಳಿಂದ ನನಗ ಕಾಲ ಬಕೀಟ ಸಾಕು," ಎಂದರು.

ಆಮೇಲೆ ಸುದ್ದಿ ಹಬ್ಬಿತು. ಚಳಿಯಲ್ಲೂ ಬಾಗಿಲುಗಳು ತೆರೆದವು. ಒಬ್ಬರು ಬಾಣಂತಿಗೆ ಅಂಟಿನ ಉಂಡಿ ಮಾಡಿಕೊಂಡು ನಲವತ್ತೇಳಕ್ಕೆ ಹೋದರು, ಇನ್ನೊಬ್ಬರು ಕೂಸಿನ ತಲೆಗೆ ಕುಂಚಿಗೆ ಹೊಲಿದುಕೊಂಡು. ನಾಲ್ಕಾರು ಮನೆಯವರು ಒಂದೇ ಒಲೆಯ ಮುಂದೆ ಕೂಡಿ ರೊಟ್ಟಿ ಬಡಿದು ಉಳಿದ ಮನೆಯ ಕಾವು ಉಳಿಸಿದರು. ತೆರೆದ ಬಾಗಿಲಿನಿಂದ ಹೋದದ್ದೆಷ್ಟು, ಒಟ್ಟಿಗೆ ಕೂತದ್ದರಿಂದ ಉಳಿದದ್ದೆಷ್ಟು ಎಂದು ನಾನು ಲೆಕ್ಕ ಹಾಕಿ ನೋಡಿದೆ. ಹೆಚ್ಚುಕಡಿಮೆ ಸರಿಸಮ ಬಂತು. ಉಳಿತಾಯವೇ ಆಯಿತು ಎಂದು ಬರೆಯಬೇಕೆಂಬ ಆಸೆ ನನಗೂ ಇದೆ, ಆದರೆ ಸುಳ್ಳು ಹೇಳಬಾರದು. ಹಗೇವು ಸಂಕ್ರಾಂತಿಯ ತನಕ ಬಂತು, ಅಷ್ಟು ಖರೆ.

ಇಪ್ಪತ್ತೊಂದನೇ ದಿನಕ್ಕೆ ತೊಟ್ಟಿಲಿಗೆ ಹಾಕಿದರು. ಹೆಣ್ಣು ಕೂಸು. ಸೋದರತ್ತೆ ಗದಗಿನಿಂದ ಬಂದು ಕಿವಿಯಲ್ಲಿ ಹೆಸರು ಹೇಳಿದಳು, ಪದ್ಧತಿಯಂತೆ ಹೆಂಗಸರೆಲ್ಲ ಅವಳ ಬೆನ್ನಿಗೆ ಗುದ್ದಿದರು. ಹೆಸರು ಗೌರಾ. ನಾನೂ ಒಂದು ಗುದ್ದು ಹಾಕಿ ಕೆಲಸಕ್ಕೆ ಬಂದೆ.

ಮಧ್ಯಾಹ್ನ ತಂಗೆವ್ವ ಕಂಟ್ರೋಲ್ ರೂಮಿಗೆ ಬಂದಳು. ಆ ಸಹಿಯ ದಿನದ ನಂತರ ಅವಳು ಅಲ್ಲಿ ಕಾಲಿಟ್ಟಿರಲಿಲ್ಲ. ಹೊಸ ಇಳಕಲ್ ಸೀರೆ, ಕೈಯಲ್ಲೊಂದು ಸಣ್ಣ ಡಬ್ಬಿ. ಸಕ್ಕರೆ ಇರಬೇಕು ಅಂದುಕೊಂಡೆ.

"ಬರಸಾಕ ಬಂದೀನಿ," ಎಂದಳು.

ಫಾರ್ಮು ತೆಗೆದೆ. ಹೆಸರು ಹೇಳಿದಳು, ಬರೆದುಕೊಂಡೆ. ಸಹಿ ಎಲ್ಲಿ ಎಂದು ಈ ಸಲ ಬೆರಳಿಟ್ಟು ತೋರಿಸಲಿಲ್ಲ, ಅವಳ ಮುಖ ನೋಡುತ್ತ ಕೂತೆ. ಸಹಿ ಮಾಡಿ, ಪರದೆಯ ಕಡೆ ತಿರುಗಿದಳು.

"ಇದರಾಗ ನಮ್ಮ ಕೂಸು ಎಲ್ಲೈತಿ? ತೋರಸು."

ತೋರಿಸಿದೆ. ನಲವತ್ತೇಳರ ಚೌಕದಲ್ಲಿ ರೋಹಿಣಿಯ ಹಳದಿ ಚುಕ್ಕೆ, ಅದರ ಮಗ್ಗುಲಲ್ಲಿ ಸಾಸಿವೆಯಷ್ಟು ಇನ್ನೊಂದು. ಪಕ್ಕದಲ್ಲಿ ಅಂಕಿ: ಐದು. ಒಂದು ವ್ಯಾಟು ಬೆಳೆದಿದ್ದಳು.

ತಂಗೆವ್ವ ಬಹಳ ಹೊತ್ತು ನೋಡಿದಳು. ಎರಡೂ ಕೈಯಿಂದ ಪರದೆಯನ್ನು ನೀವಿ, ತನ್ನ ಕಪಾಲಕ್ಕೆ ಒತ್ತಿ ಲಟಲಟ ನೆಟಿಗೆ ಮುರಿದಳು. ಆಮೇಲೆ ನನ್ನ ಕಡೆ ಹುಬ್ಬು ಗಂಟಿಕ್ಕಿದಳು.

"ಹಿಂಗ ಬಟಾಬಯಲಾಗ, ಬಂದವರಿಗೆಲ್ಲಾ ಕಾಣೂ ಹಂಗ ಇಟ್ಟೀಯಲ್ಲ! ನೆದರು ತಾಗೂದಿಲ್ಲೇನು?"

ಡಬ್ಬಿ ತೆರೆದಳು. ಸಕ್ಕರೆಯಲ್ಲ, ಮನೆಯಲ್ಲಿ ಹಿಡಿದ ಕಾಡಿಗೆ. ಬೆರಳಿಗೆ ಹಚ್ಚಿಕೊಂಡು, ನಾನು ದಿನಾ ಒಂದು ಕಲೆಯೂ ಉಳಿಯದಂತೆ ಒರೆಸುವ ಆ ಗಾಜಿನ ಮೇಲೆ, ಆ ಸಾಸಿವೆಕಾಳಿನ ಪಕ್ಕದಲ್ಲಿ ದಪ್ಪಗೆ ಒಂದು ದೃಷ್ಟಿಬೊಟ್ಟು ಇಟ್ಟಳು. ಇಟ್ಟು, ಇನ್ನು ಪರವಾಗಿಲ್ಲ ಎಂಬಂತೆ ಸೆರಗಿಗೆ ಕೈ ಒರೆಸಿಕೊಂಡು ಹೋದಳು.

ಇಮಾಮ‌ಸಾಬರು ಸೀರೆಯ ತುಂಡು ಹಿಡಿದು ನನ್ನ ಕಡೆ ನೋಡಿದರು. "ಒರಸಲೇನ್ರೀ?"

"ಇರಲಿ ಬಿಡ್ರಿ."

ಆ ಬೊಟ್ಟು ಈಗಲೂ ಹಾಗೇ ಇದೆ. ಅದು ಪಕ್ಕದ ಚೌಕವನ್ನು, ನಲವತ್ತೆಂಟನೇ ಮನೆಯನ್ನು ಅರ್ಧ ಮುಚ್ಚಿಬಿಟ್ಟಿದೆ. ಅಲ್ಲಿ ಎಷ್ಟು ಮಂದಿ, ಎಷ್ಟು ಕಾವು, ಒಂದೂ ಸರಿಯಾಗಿ ಕಾಣುವುದಿಲ್ಲ. ಹಾಗಾಗಿ ದಿನಾ ಬೆಳಗ್ಗೆ ನಾನು ಇನ್ನೂರು ಹೆಜ್ಜೆ ನಡೆದು ಹೋಗಿ ಆ ಮನೆಯ ಬಾಗಿಲು ಬಡಿಯುತ್ತೇನೆ. ಬಾಗಿಲು ಒಮ್ಮೆ ತೆರೆದರೆ ಎಷ್ಟು ಕಾವು ಹೊರಗೆ ಹೋಗುತ್ತದೆ ಎಂಬುದು ನನಗೆ ಬಾಯಿಪಾಠ. ತೆರೆಯುತ್ತಾರೆ, ಆರಾಮ ಇದ್ದೀರೇನ್ರೀ ಅಂತ ಕೇಳುತ್ತೇನೆ.